ಅಪ್ಪ ಓದದೆ ಬಿಟ್ಟ ಪುಟ

ಫೆಬ್ರವರಿ ೬

ಅಪ್ಪಾ,

ಇಲ್ಲಿಗೆ ಬಂದು ಮೂರು ದಿನವಾಯಿತು. ಫೋನು ಮಾಡಲಿಲ್ಲ ಎಂದು ಬೈದುಕೊಳ್ಳಬೇಡ. ಗೇಟಿನಲ್ಲೇ ನಮ್ಮ ಫೋನುಗಳನ್ನು ಇಸಿದುಕೊಂಡು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯುತ್ತಾರೆ. ಭಾನುವಾರ ಮಾತ್ರ ಕೈಗೆ ಸಿಗುತ್ತದೆ. ಕಥೆ ಹೊರಗೆ ಸೋರಬಾರದಂತೆ. ಮೂವತ್ತು ವರ್ಷದಿಂದ ಅಂಗಡಿಗಳಲ್ಲಿ ಮಾರಾಟವಾಗುತ್ತಿರುವ ಕಥೆ ಇನ್ನು ಎಲ್ಲಿಂದ ಸೋರಬೇಕೋ! ಹಾಗಾಗಿ ಕಾಗದ. ನೀನಂತೂ ಇಮೇಲ್ ನೋಡುವವನಲ್ಲ.

ನಾವು ಆರು ಜನ ಬರಹಗಾರರು. ಉದ್ದನೆಯ ಮೇಜು, ಕಿಟಕಿಯಿಲ್ಲದ ಕೋಣೆ, ಗೋಡೆಯ ತುಂಬ ಬಣ್ಣಬಣ್ಣದ ಕಾರ್ಡುಗಳು. 'ಹನ್ನೆರಡು ಹೊಳೆಗಳ ನಾಡು' ಒಂಬತ್ತು ಸಂಪುಟ, ಆರು ಸಾವಿರ ಪುಟ, ಮುನ್ನೂರ ಹನ್ನೆರಡು ಪಾತ್ರ. ಇದನ್ನು ಧಾರಾವಾಹಿಯಾಗಿ ತೆರೆಯ ಮೇಲೆ ತರಲು ಸಾಧ್ಯವೇ ಎಂಬುದೇ ಮೊದಲ ಮೂರು ತಿಂಗಳ ಚರ್ಚೆ. ಸಾಧ್ಯವಿಲ್ಲ ಎಂದು ತೀರ್ಮಾನವಾದರೆ ಎಲ್ಲರೂ ಗಂಟುಮೂಟೆ ಕಟ್ಟುವುದೇ. ನಮ್ಮ ಮುಖ್ಯಸ್ಥೆಗೆ ಹೆಡ್‌ಮಿಸ್ಸು ಎಂದು ಹೆಸರಿಟ್ಟಿದ್ದೇವೆ. ಸಂದರ್ಶನದಲ್ಲಿ ಅವರು, ಇಷ್ಟು ದೊಡ್ಡ ಕಥೆಗೆ ನಡುಗಂಬ ಯಾವುದು ಎಂದು ಕೇಳಿದ್ದರು. ದೋಣಿಯವಳು ಎಂದಿದ್ದೆ. ಪಟ್ಟ ತಪ್ಪಿದ ಹುಡುಗಿಯನ್ನು ಹೊಳೆಯಿಂದ ಹೊಳೆಗೆ ದಾಟಿಸುತ್ತ, ಬೈಯುತ್ತ, ತಲೆ ಒರೆಸುತ್ತ ಕೊನೆಯವರೆಗೂ ಕಾಯುವ ದೋಣಿಯವಳಿಗಿಂತ ದೊಡ್ಡ ಪಾತ್ರ ಯಾವುದಿದೆ? ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಚ್ಚಿರಬೇಕು, ಕೆಲಸ ಕೊಟ್ಟರಲ್ಲ.

ಒಂದು ಗುಟ್ಟು ಮಾತ್ರ ಅವರಿಗೆ ಹೇಳಿಲ್ಲ. ಒಂಬತ್ತರಲ್ಲಿ ಒಂದನ್ನೂ ನಾನೇ ಓದಿಲ್ಲ. ಎಂಟು ವರ್ಷದವಳಿದ್ದಾಗ ನನ್ನ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿಂದ ನೋಡು ಎಂದರಲ್ಲ ಡಾಕ್ಟರು. ಆ ಪಟ್ಟಿ ನೋಡಿಯೇ ನೀನು ನನ್ನನ್ನು ಕಡಲುಗಳ್ಳಿ ಎಂದದ್ದು. ಅಕ್ಷರವೆಲ್ಲ ಇರುವೆ ಸಾಲಾಗಿತ್ತು. ಊಟವಾದ ಮೇಲೆ ನೀನು ಓದುತ್ತಿದ್ದೆ. ಪಟ್ಟಿ ಬಿಚ್ಚಿದ ಮೇಲೂ ನಾನು ಬಿಡಲಿಲ್ಲ. ನಿನ್ನ ದನಿಯೇ ನನಗೆ ಆ ಪುಸ್ತಕ. ನಾಳೆಯಿಂದ ಕಣ್ಣಲ್ಲಿ ಓದುತ್ತೇನೆ.

ಹೋದ ವಾರ ನಿನ್ನ ಗಂಟಲು ಕರಕರ ಎನ್ನುತ್ತಿತ್ತು. ಕನ್ನಡಕದ ಗಾಜು ಉಜ್ಜುವಾಗ ಬಾಯಿಗೆ ಬಟ್ಟೆ ಕಟ್ಟಿಕೋ.

ನಿನ್ನ ಕಡಲುಗಳ್ಳಿ


ಫೆಬ್ರವರಿ ೧೫

ನನ್ನ ಕಡಲುಗಳ್ಳಿಗೆ,

ಕಾಗದ ಬಂತು. ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. ಮಾಲೀಕರು, ನಿಮ್ಮ ಮಗಳ ಅಕ್ಷರ ಡಾಕ್ಟರ ಚೀಟಿಗಿಂತ ಮೇಲು ಎಂದರು.

ನೀನು ಕೇಳದಿದ್ದರೂ ಹೇಳುತ್ತೇನೆ. ಅದು ತೆರೆಯ ಮೇಲೆ ಆಗುವ ಕೆಲಸವಲ್ಲ. ಆನೆಯನ್ನು ಸಾಸಿವೆ ಡಬ್ಬಿಯಲ್ಲಿ ಕೂರಿಸಿದಂತೆ. ನಾಲ್ಕನೇ ಸಂಪುಟದಲ್ಲಿ ನೂರು ಪುಟ ಬರೀ ನಡೆಯುತ್ತಾರೆ, ಯಾರು ನೋಡುತ್ತಾರೆ? ಅದರಲ್ಲಿ ಬರುವ ಕಲ್ಲಿನ ಹಕ್ಕಿ ನಿನಗೊಂದು ಥರ ಕಂಡಿರುತ್ತದೆ, ನನಗೊಂದು ಥರ. ನೀವು ಒಂದನ್ನೇ ತೋರಿಸಿ ಮಿಕ್ಕ ಎಲ್ಲರ ಹಕ್ಕಿಯನ್ನೂ ಕೊಂದುಹಾಕುತ್ತೀರಿ. ಮುಖ್ಯವಾದದ್ದು ಬೇರೆ. ಓದಿ ಹೇಳುವವನು ಕೇಳುವ ಮಗುವಿನ ಮುಖ ನೋಡಿಕೊಂಡು ಓದುತ್ತಾನೆ. ಹೆದರಿದರೆ ದನಿ ತಗ್ಗಿಸುತ್ತಾನೆ, ಬೇಡವೆನಿಸಿದರೆ ನಿಲ್ಲಿಸುತ್ತಾನೆ. ಪರದೆಗೆ ಕಣ್ಣಿಲ್ಲ, ಮಗಳೇ. ಅದು ಎದುರಿಗೆ ಯಾರು ಕೂತಿದ್ದಾರೆಂದು ನೋಡದೆ ಎಲ್ಲವನ್ನೂ ತೋರಿಸಿಬಿಡುತ್ತದೆ.

ಆರು ಜನ ಇದ್ದೀರಲ್ಲ, ಸಂಪುಟಗಳನ್ನು ಹಂಚಿಕೊಳ್ಳಿ. ನೀನು ಐದು, ಆರು ತೆಗೆದುಕೋ, ಅವು ಚೆನ್ನಾಗಿವೆ. ಮೂರನೆಯದನ್ನು ಬೇರೆ ಯಾರಿಗಾದರೂ ಬಿಡು. ಅದು ಸ್ವಲ್ಪ ಬೋರು.

ಗಂಟಲಿಗೆ ಏನೂ ಆಗಿಲ್ಲ. ಉಪ್ಪುನೀರು ಮುಕ್ಕಳಿಸುತ್ತಿದ್ದೇನೆ.

ಅಪ್ಪ


ಮಾರ್ಚ್ ೨

ಅಪ್ಪಾ,

ಮೂರನೇ ಸಂಪುಟ, ನೂರ ಎಂಬತ್ತೆರಡನೇ ಪುಟ. ನಿನಗೆ ಗೊತ್ತಿತ್ತು. ಅದಕ್ಕೇ ಬೋರು ಎಂದು ಬರೆದೆ.

ನಿನ್ನೆ ನನ್ನ ಸರದಿ. ಕೊನೆಯ ಕಂತಿನವರೆಗೆ ದೋಣಿಯವಳನ್ನು ಹೇಗೆ ಒಯ್ಯಬಹುದೆಂದು ಮುಕ್ಕಾಲು ಗಂಟೆ ಮಾತಾಡಿದೆ. ನಾನಿನ್ನೂ ಎರಡನೇ ಸಂಪುಟ ಮುಗಿಸುತ್ತಿದ್ದೆ. ಮಿಕ್ಕಿದ್ದು ನೆನಪಿನಲ್ಲಿದೆ ಎಂಬ ಧೈರ್ಯ. ಹೆಡ್‌ಮಿಸ್ಸು ಪುಸ್ತಕ ತೆರೆದು ನನ್ನ ಮುಂದೆ ತಳ್ಳಿದರು. "ಅವಳು ಇಲ್ಲೇ ಸತ್ತುಹೋಗ್ತಾಳಲ್ಲ," ಎಂದರು. "ನೀವು ಯಾವ ಪುಸ್ತಕ ಓದಿದ್ದು?"

ದೋಣಿಯವಳಿಗೆ ಜ್ವರ. ಹುಡುಗಿ ಮದ್ದು ತರಲು ಆಚೆ ದಡಕ್ಕೆ ಹೋಗುತ್ತಾಳೆ. 'ಹುಡುಗಿ ಹಿಂತಿರುಗುವ ಹೊತ್ತಿಗೆ ಚಾಪೆ ಬರಿದಾಗಿತ್ತು.' ಇಷ್ಟೇ ಇದೆ. ಮುಂದಿನ ಆರು ಸಂಪುಟಗಳಲ್ಲಿ ಅವಳ ಸುಳಿವೇ ಇಲ್ಲ. ಆರು ಸಂಪುಟ, ಅಪ್ಪಾ! ಸತ್ತವಳ ಬಾಯಲ್ಲಿ ಎರಡು ವರ್ಷ ನೀನು ಮಾತಾಡಿದೆ, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಒಬ್ಬ ನಕ್ಕ. ಅದು ದೊಡ್ಡದಲ್ಲ. ಆದರೆ ನನಗೆ ಯಾಕೆ ಸುಳ್ಳು ಹೇಳಿದೆ? ಎಂಟು ವರ್ಷದವಳಿಗೆ ಸಾವು ತಡೆದುಕೊಳ್ಳಲಾಗದು ಎಂದೇ? ಅಮ್ಮ ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಅದನ್ನು ತಡೆದುಕೊಂಡವಳಿಗೆ ಇದೇನು ಮಹಾ? ನನಗೆ ಏನು ಗೊತ್ತಾಗಬೇಕು, ಏನು ಗೊತ್ತಾಗಬಾರದು ಎಂದು ಯಾವಾಗಲೂ ನೀನೇ ತೀರ್ಮಾನ ಮಾಡುತ್ತೀಯ.

ಸ್ವಲ್ಪ ದಿನ ಭಾನುವಾರ ಫೋನು ಮಾಡಬೇಡ. ಬಾಯಿಗೆ ಬಂದದ್ದು ಆಡಿಬಿಡುತ್ತೇನೆ. ಕೋಪ ಇಳಿದ ಮೇಲೆ ನಾನೇ ಮಾಡುತ್ತೇನೆ.


ಮಾರ್ಚ್ ೧೦

ಮಗಳೇ,

ತಪ್ಪು ನನ್ನದೇ. ನಾಲ್ಕು ಜನರ ಮುಂದೆ ನಿನ್ನ ತಲೆ ತಗ್ಗುವಂತಾಯಿತು. ಹೊಟ್ಟೆಗೆ ಹಾಕಿಕೋ.

ಆ ಪುಟದವರೆಗೆ ಓದಿದ್ದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. ನೀನು ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದೆ. ಓದಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: ಹುಡುಗಿ ಬಂದಳು, ಮದ್ದು ಕುಡಿಸಿದಳು, ದೋಣಿಯವಳು ಎದ್ದು ಕೂತಳು. ಒಮ್ಮೆ ಎಬ್ಬಿಸಿದ ಮೇಲೆ ಮತ್ತೆ ಮಲಗಿಸುವುದು ಹೇಗೆ? ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಮುಂದಿನ ಅಧ್ಯಾಯ ಓದಿಕೊಂಡು, ಅವಳು ಎಲ್ಲಿ ಬರಬೇಕು, ಏನು ಹೇಳಬೇಕು ಎಂದು ಹಳೇ ಕನ್ನಡಕದ ಚೀಟಿಗಳ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ. ನಿನ್ನ ಜ್ಞಾಪಕಶಕ್ತಿಯ ಭಯ.

ಫೋನು ಮಾಡುವುದಿಲ್ಲ, ನೀನು ಬೇಡವೆಂದಿದ್ದೀಯ. ಆದರೆ ಇಪ್ಪತ್ತಾರರ ಒಳಗೆ ಯಾವುದಾದರೂ ಭಾನುವಾರ ನೀನೇ ಒಂದು ಸಲ ಮಾಡಿದರೆ ಚೆನ್ನಾಗಿತ್ತು. ವಿಶೇಷವೇನಿಲ್ಲ. ಸುಮ್ಮನೆ.

ಅಪ್ಪ


ಮಾರ್ಚ್ ೨೧

ಮಗಳೇ,

ಈ ಭಾನುವಾರ ಎಲ್ಲೂ ಹೋಗುವುದಿಲ್ಲ. ಬೆಳಗಿನಿಂದ ಮನೆಯಲ್ಲೇ ಇರುತ್ತೇನೆ. ಕೆಲಸವಿದ್ದರೆ ಬಿಡು, ತೊಂದರೆಯಿಲ್ಲ.

ಅಪ್ಪ


ಏಪ್ರಿಲ್ ೧೨

ಅಪ್ಪಾ,

ನಿನ್ನ ಎರಡು ಕಾಗದವೂ ಬಂದಿದ್ದವು. ಓದಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಎರಡು ಭಾನುವಾರ ಫೋನು ಕೈಗೆ ಬಂತು, ನಿನ್ನ ನಂಬರಿನವರೆಗೆ ಹೋಗಿ ನಿಲ್ಲಿಸಿದೆ. ಇನ್ನೂ ಸ್ವಲ್ಪ ಕಾಯಲಿ ಎಂಬ ಹಠ. ನಿನ್ನಿಂದಲೇ ಬಂದದ್ದು, ಅದಕ್ಕೆ ನೀನೂ ಪಾಲುದಾರ.

ಈಗ ಕೋಪವಿಲ್ಲ. ಒಂಬತ್ತನ್ನೂ ಓದಿ ಮುಗಿಸಿದೆ. ನನಗೆ ಬಾಯಿಪಾಠವಿದ್ದ ದೋಣಿಯವಳ ಮಾತುಗಳಲ್ಲಿ ಒಂದೂ ಪುಸ್ತಕದಲ್ಲಿಲ್ಲ. "ಹೆದರಿಕೆ ಆದ್ರೆ ಮೊದಲು ಚಪ್ಪಲಿ ಹಾಕ್ಕೋ, ಆಮೇಲೆ ಅಳು." "ಹಠ ಮಾಡು, ಊಟ ಮಾಡಿ ಹಠ ಮಾಡು." "ಯಾವ ಪಟ್ಟದ ರಾಣಿಯಾದ್ರೂ ಒದ್ದೆ ಕೂದಲಲ್ಲಿ ಮಲಗಿದ್ರೆ ನೆಗಡಿ ಬಿಡಲ್ಲ." ಹನ್ನೊಂದು ಮಾತು ನೆನಪಾದವು. ಕಾರ್ಡಿನಲ್ಲಿ ಬರೆದು ಗೋಡೆಗೆ ಚುಚ್ಚಿದೆ. ಊಟದ ಹೊತ್ತಿಗೆ ನೋಡಿದರೆ ಎಲ್ಲರೂ ಅದರ ಮುಂದೆ ನಿಂತಿದ್ದಾರೆ. ಆವತ್ತು ನಕ್ಕವನೇ, ಇದು ಯಾರು ಬರೆದದ್ದು ಎಂದು ಕೇಳಿದ. ನಮ್ಮಪ್ಪ, ಕನ್ನಡಕದ ಗಾಜು ಉಜ್ಜುತ್ತಾರೆ ಎಂದೆ.

ಈಗ ಕೇಳು. ಹೆಡ್‌ಮಿಸ್ಸಿಗೆ ನಿನ್ನ ಓದು ಕೇಳಬೇಕಂತೆ. ಒಂದು ಮಗುವಿಗೆ ಆರು ಸಾವಿರ ಪುಟ ಹಿಡಿಸಿದ ದನಿ ಹೇಗಿತ್ತೆಂದು ತಿಳಿದರೆ, ತೆರೆಯ ಮೇಲೆ ಹೇಗೆ ತರಬೇಕೆಂಬುದೂ ತಿಳಿಯಬಹುದು ಎನ್ನುತ್ತಾರೆ. ಬರುವ ವಾರ ಬಿಟ್ಟು ಅದರಾಚೆಯ ಭಾನುವಾರ, ಬೆಳಗ್ಗೆ ಹತ್ತಕ್ಕೆ ನಾನೇ ಫೋನು ಮಾಡುತ್ತೇನೆ. ಯಾವುದಾದರೂ ಹತ್ತು ಪುಟ ಓದು. ರೆಕಾರ್ಡು ಮಾಡಿಕೊಳ್ಳುತ್ತೇವೆ. ಗಂಟಲಿಗೆ ಬಿಸಿನೀರು ಕುಡಿದು ಕೂತಿರು.

ನಿನ್ನ ಕಡಲುಗಳ್ಳಿ


ಏಪ್ರಿಲ್ ೨೦

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಭಾನುವಾರ ನೀನು ಫೋನು ಮಾಡಿ, ನಿನ್ನ ಅತ್ತೆ ಎತ್ತಿಕೊಂಡು ಗಾಬರಿಯಲ್ಲಿ ಏನಾದರೂ ಹೇಳಿಬಿಡುವ ಮೊದಲು ಇದು ತಲುಪಲಿ ಎಂದು ತುರ್ತು ಅಂಚೆಗೆ ಹಾಕಿಸುತ್ತಿದ್ದೇನೆ.

ಕೂತುಕೊಂಡು ಓದು. ಗಂಟಲಲ್ಲಿದ್ದದ್ದು ಗಡ್ಡೆ. ಜನವರಿಯಲ್ಲೇ ತಿಳಿದಿತ್ತು. ಮಾರ್ಚ್ ಇಪ್ಪತ್ತೇಳರಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬೇರೆ ದಾರಿಯಿರಲಿಲ್ಲವಂತೆ. ಈಗ ಕತ್ತಿನಲ್ಲೊಂದು ತೂತು, ಅದರಲ್ಲೇ ಉಸಿರಾಟ. ಚೇತರಿಸಿಕೊಳ್ಳುತ್ತಿದ್ದೇನೆ, ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಅತ್ತೆ ಬಂದು ಜೊತೆಗಿದ್ದಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ನನಗೆ ಇನ್ನು ಆ ಭಯವೂ ಇಲ್ಲ. ಅತ್ತೆ ಎಷ್ಟು ಬೈದರೂ ಎದುರು ಮಾತಾಡದ ಅಣ್ಣನಾಗಿದ್ದೇನೆ, ಬಹಳ ಸಂತೋಷವಾಗಿದ್ದಾಳೆ.

ಆ ಭಾನುವಾರದ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಕಾರಣ ಬರೆದಿದ್ದರೆ ನೀನು ಆ ಕ್ಷಣವೇ ಮಾಡುತ್ತಿದ್ದೆ, ನನಗೆ ಗೊತ್ತು. ಆದರೆ ನೀನು ಅಳುತ್ತಿದ್ದೆ. ಕೊನೆಯ ಸಲ ಮಾತಾಡುವಾಗ ನಿನ್ನ ಮಾಮೂಲಿ ಮಾತು ಕೇಳಬೇಕೆಂದಿತ್ತು: ಊಟ ಸರಿಯಿಲ್ಲ, ಚಳಿ, ಯಾರೋ ಸಂಬಂಧವಿಲ್ಲದ ಜೋಕು ಹೇಳಿದರು, ಅಂಥದ್ದು. ಅದು ನನ್ನ ಆಸೆ, ನನ್ನ ಲೆಕ್ಕಾಚಾರ. ನಿನ್ನ ತಪ್ಪಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅತ್ತೆ, ಮಗಳಿಗಾಗಿ ಏನಾದರೂ ಓದಿಡು ಎಂದು ಫೋನಿನ ರೆಕಾರ್ಡು ಒತ್ತಿ ಮುಂದಿಟ್ಟಳು. ಎರಡು ಸಾಲು ಓದಿ ನಿಲ್ಲಿಸಿದೆ. ಎದುರಿಗೆ ಯಾರೂ ಇಲ್ಲದೆ ಓದುವುದು ನನಗೆ ಬರುವುದಿಲ್ಲ. ಚೆನ್ನಾಗಿಲ್ಲ ಎಂದು ಅಳಿಸಿಯೂಬಿಟ್ಟೆ. ಅದೊಂದು ಉಳಿಸಬೇಕಿತ್ತು.

ಅಪ್ಪ


ಮೇ ೯

ಅಪ್ಪಾ,

ಮರಳಿ ಕೋಣೆಗೆ ಬಂದು ವಾರವಾಯಿತು. ಮನೆಯಲ್ಲಿದ್ದ ಹತ್ತು ದಿನವೂ ನಾನು ಅಳುತ್ತಲೇ ಇದ್ದೆ, ನೀನು ಚೀಟಿ ಬರೆದು ನಗಿಸುತ್ತಲೇ ಇದ್ದೆ. ಕೇಳಬೇಕೆಂದಿದ್ದ ಒಂದು ಮಾತನ್ನೂ ಕೇಳಲಿಲ್ಲ. ನನ್ನನ್ನು ಬೈ ಎಂದರೆ, 'ಕೈ ನೋಯುತ್ತೆ, ಬೈಗುಳ ಉದ್ದ' ಎಂದು ಬರೆದು ಕೊಟ್ಟೆ. ಆ ಚೀಟಿ ನನ್ನ ಹತ್ತಿರವಿದೆ.

ಇಲ್ಲಿ ಒಂದು ತೀರ್ಮಾನವಾಗಿದೆ. ಧಾರಾವಾಹಿ ಮಾಡುತ್ತಾರೆ. ದೋಣಿಯವಳನ್ನು ಉಳಿಸಿಕೊಳ್ಳೋಣ ಎಂದು ನಾನು ಎರಡು ದಿನ ವಾದಿಸಿದೆ. ಹೆಡ್‌ಮಿಸ್ಸು ನನ್ನ ಕಡೆಯೇ ಇದ್ದರು. ಕೊನೆಗೆ ಪುಸ್ತಕ ಬರೆದ ಲೇಖಕಿಯನ್ನೇ ಕೇಳಿದೆವು. ಎಂಬತ್ತರ ಮುದುಕಿ. "ಅವಳು ಸಾಯದೆ ಆ ಹುಡುಗಿ ದೋಣಿಯ ಹುಟ್ಟು ಹಿಡಿಯಲ್ಲಮ್ಮ," ಎಂದರು, ಅಷ್ಟೇ. ಸೋತೆ. ಆಮೇಲೆ ಆ ಕಂತನ್ನು ಬರೆಯುವ ಕೆಲಸವನ್ನು ನನಗೇ ಕೊಟ್ಟರು.

ಮೂರು ದಿನದಿಂದ ಕೂತಿದ್ದೇನೆ. ಒಂದು ಸಾಲೂ ಬರುತ್ತಿಲ್ಲ. ಹಾಗಾಗಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳುತ್ತಿದ್ದೇನೆ. ಅಮ್ಮ ಹೇಗೆ ಹೋದಳು? ಆ ವಾರ ನಾನು ಅತ್ತೆ ಮನೆಯಲ್ಲಿದ್ದೆ. ಒಂದು ದಿನ ನೀನು ಬಂದು, ಅಮ್ಮ ಇನ್ನು ಬರಲ್ಲ ಎಂದೆ. ನನಗೆ ಗೊತ್ತಿರುವುದು ಅಷ್ಟೇ. ಬರೆಯಲಾಗದಿದ್ದರೆ ಬಿಡು.


ಮೇ ೩೦

ಮಗಳೇ,

ಇದನ್ನು ಬರೆಯಲು ಎರಡು ವಾರ ಹಿಡಿಯಿತು. ಬಾಯಿ ಇದ್ದಿದ್ದರೆ ಇವತ್ತಿಗೂ ಮಾತು ಮರೆಸಿ ತಪ್ಪಿಸಿಕೊಳ್ಳುತ್ತಿದ್ದೆ.

ನಿನ್ನ ಅಮ್ಮ ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ಕಿಡ್ನಿ ಕೈಕೊಟ್ಟಿತ್ತು. ಮುಖ ಊದಿ, ಕಣ್ಣು ಗೆರೆಯಷ್ಟೇ ಉಳಿದಿತ್ತು. ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿತ್ತು. ಸಂಜೆ ಅಂಗಡಿ ಮುಗಿಸಿ ಹೋಗಿ ಪಕ್ಕದಲ್ಲಿ ಕೂತರೆ, ಅವಳಿಗೆ ಏನು ಹೇಳಬೇಕು ಎಂದು ಒಂದೊಂದೇ ನೆನಪು ಮಾಡಿಕೊಂಡು ನನಗೆ ಒಪ್ಪಿಸುತ್ತಿದ್ದಳು. ಅವಳು ಎಂದರೆ ನೀನು. ಒದ್ದೆ ಕೂದಲಲ್ಲಿ ಮಲಗಿಸಬೇಡ. ಹಠ ಮಾಡಿದರೆ ಮಾಡಲಿ, ಊಟ ಬಿಡದಿರಲಿ. ಹೆದರಿದಾಗ ಮೊದಲು ಚಪ್ಪಲಿ ಹಾಕಿಕೊಳ್ಳಲು ಹೇಳು. ಗೋಡೆಗೆ ಚುಚ್ಚಿದ್ದೀಯಲ್ಲ, ಅವು ನನ್ನವಲ್ಲ. ನನಗೆ ಅಷ್ಟು ಜಾಣತನ ಎಲ್ಲಿಂದ ಬರಬೇಕು? ಅಮ್ಮ ಹೀಗೆ ಹೇಳಿದಳು ಎಂದು ನಿನಗೆ ಹೇಳಲು ಹೋದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ದೋಣಿಯವಳು ಹೇಳಿದಳು ಎಂದರೆ ಸಲೀಸಾಗಿ ಬರುತ್ತಿತ್ತು. ಅದಕ್ಕೇ ಅವಳನ್ನು ಸಾಯಲು ಬಿಡಲಿಲ್ಲ. ಒಪ್ಪಿಸಬೇಕಾದದ್ದು ಇನ್ನೂ ಬಹಳವಿತ್ತು.

ಹತ್ತನೆಯ ದಿನ ಅಮ್ಮ, "ನಾಳೆ ಅವಳನ್ನ ಕರ್ಕೊಂಡು ಬನ್ನಿ," ಎಂದಳು. ಆಗಲಿ ಎಂದೆ. ಮಾರನೆಯ ದಿನ ಕರೆದುಕೊಂಡೇ ಬಂದೆ. ಹೌದು, ನೀನು ಬಂದಿದ್ದೆ. ವಾರ್ಡಿನ ಹೊರಗೆ ಹಸಿರು ಬೆಂಚು. ಅತ್ತೆಯ ಪಕ್ಕ ನಿನ್ನನ್ನು ಕೂರಿಸಿ, ಕೈಗೆ ಬಿಸ್ಕತ್ತು ಕೊಟ್ಟು, ಮೊದಲು ನಾನೊಬ್ಬನೇ ಒಳಗೆ ಹೋದೆ. ರಾತ್ರಿ ಕಳೆಯುವುದರೊಳಗೆ ಅವಳ ಮುಖ ಇನ್ನೂ ಬದಲಾಗಿತ್ತು. ಮೂಗಿಗೆ ನಳಿಗೆ ಹಾಕಿದ್ದರು. ನನಗೇ ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಇದನ್ನು ಮಗು ನೋಡಬಾರದು ಎಂದುಕೊಂಡೆ. ಹೊರಗೆ ಬಂದು, ಮಗುವನ್ನು ಮನೆಗೆ ಕರೆದುಕೊಂಡು ಹೋಗು ಎಂದು ಅತ್ತೆಗೆ ಹೇಳಿದೆ.

ಮತ್ತೆ ಒಳಗೆ ಹೋದಾಗ, "ಬಂದಳಾ?" ಎಂದು ಕೇಳಿದಳು.

"ಸ್ಕೂಲಿಗೆ ಹೋಗಿದಾಳೆ, ಸಂಜೆ ಬರ್ತಾಳೆ," ಎಂದೆ.

ಸರಿ ಎಂಬಂತೆ ತಲೆಯಾಡಿಸಿದಳು. ಆಮೇಲೂ ಬಾಗಿಲ ಕಡೆಗೇ ತಿರುಗಿ ಮಲಗಿದ್ದಳು. ಮೂರು ಗಂಟೆಗೆ ಹೋದಳು.

ಅತ್ತೆಗೆ ಮಾತ್ರ ಗೊತ್ತು. ಅವಳು ಈವರೆಗೆ ಒಂದು ದಿನವೂ ಅದನ್ನೆತ್ತಿ ಆಡಿಲ್ಲ.

ಅಪ್ಪ


ಜೂನ್ ೧೪

ಅಪ್ಪಾ,

ಓದಿದೆ.

ಆ ಹಸಿರು ಬೆಂಚು ನನಗೆ ನೆನಪಿದೆ. ಇಷ್ಟು ವರ್ಷ ಅದು ನನ್ನ ಕಣ್ಣಿನ ಆಸ್ಪತ್ರೆ ಎಂದುಕೊಂಡಿದ್ದೆ. ಬಿಸ್ಕತ್ತು ಮೆತ್ತಗಾಗಿತ್ತು. ಅಪ್ಪ ಯಾಕೆ ಹೋದ ಹಾಗೇ ಬಂದ ಎಂದು ಅತ್ತೆಯನ್ನು ಕೇಳಿದ್ದೂ ನೆನಪಿದೆ.

ಪರವಾಗಿಲ್ಲ ಎಂದು ಬರೆಯಲು ನಾಲ್ಕು ಸಲ ಕೂತೆ. ಬರಲಿಲ್ಲ. ಪರವಾಗಿದೆ, ಅಪ್ಪಾ. ನಾನು ಹೆದರುತ್ತಿರಲಿಲ್ಲ. ಹೆದರಿದ್ದರೂ ಒಳಗೆ ಹೋಗುತ್ತಿದ್ದೆ.

ಕತ್ತಿನ ಪಟ್ಟಿ ದಿನಾ ಬದಲಾಯಿಸಿಕೋ. ಭಾನುವಾರ ಫೋನು ಮಾಡುತ್ತೇನೆ. ನೀನು ಕೇಳಿಸಿಕೊಂಡರೆ ಸಾಕು. ಹೌದು ಎನ್ನಲು ಲೋಟ ಒಂದು ಸಲ ತಟ್ಟು, ಇಲ್ಲ ಎನ್ನಲು ಎರಡು ಸಲ. ಈ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡುತ್ತೇನೆ.


ಮರುವರ್ಷ, ನವೆಂಬರ್ ೪

ಅಪ್ಪಾ,

ಹದಿನೈದನೇ ತಾರೀಖು ಸಂಜೆ ಆರಕ್ಕೆ ನನ್ನ ಕಂತು. ಬಂದು ನಿನ್ನ ಪಕ್ಕ ಕೂರುವ ಧೈರ್ಯ ನನಗಿಲ್ಲ. ಅತ್ತೆಯ ಮನೆಯಲ್ಲಿ ನೋಡು, ಒಬ್ಬನೇ ನೋಡಬೇಡ.


ನವೆಂಬರ್ ೧೬

ಮಗಳೇ,

ನಿನ್ನೆ ನೋಡಿದೆವು. ಅತ್ತೆ, ನಾನು, ಅಂಗಡಿಯ ಮಾಲೀಕರು, ಅವರ ಹೆಂಡತಿ. ಕಲ್ಲಿನ ಹಕ್ಕಿ ನಾನು ಅಂದುಕೊಂಡ ಹಾಗಿಲ್ಲ, ಆದರೂ ಚೆನ್ನಾಗಿದೆ. ಆ ಹೊಳೆಯಂತೂ ನಿಜವಾದ ಹೊಳೆಯೇ. ಆಗುವ ಕೆಲಸವಲ್ಲ ಎಂದಿದ್ದೆ, ನನ್ನ ಮಾತು ನಾನೇ ನುಂಗುತ್ತೇನೆ.

ದೋಣಿಯವಳು ಮಲಗಿದ್ದು ಕಂಡಾಗ ಎದ್ದು ಹೋಗೋಣ ಎನಿಸಿತು. ಅತ್ತೆ ನನ್ನ ತೋಳು ಹಿಡಿದುಕೊಂಡಳು. ಮುಂದಿನ ಸಾಲು ನನಗೆ ಗೊತ್ತಲ್ಲ. ಬರೀ ಚಾಪೆ ತೋರಿಸುತ್ತಾರೆಂದು ಕಣ್ಣು ಅರ್ಧ ಮುಚ್ಚಿಕೊಂಡಿದ್ದೆ.

ಆದರೆ ಹುಡುಗಿ ಓಡಿ ಬಂದಳು. ಮೈಯೆಲ್ಲ ಕೆಸರು. ಹೊರಗೆ ನಿಂತಿದ್ದ ಮುದುಕ ಕೈ ಅಡ್ಡ ಹಿಡಿದ, ನೋಡಬೇಡ ಎಂದ. ಅವಳು ಆ ಕೈಯ ಕೆಳಗೆ ನುಸುಳಿ ಒಳಗೆ ಹೋದಳು. ದೋಣಿಯವಳ ಮುಖ ಊದಿತ್ತು. ಹುಡುಗಿ ಒಂದು ಕ್ಷಣ ನಿಂತಳು, ಅಷ್ಟೇ. ಹೋಗಿ ಪಕ್ಕದಲ್ಲಿ ಕೂತಳು. ದೋಣಿಯವಳು ಕಣ್ಣು ಬಿಟ್ಟು ನೋಡಿ, "ಏನಾದ್ರೂ ತಿಂದ್ಯಾ?" ಎಂದಳು. ಹುಡುಗಿ ಹೂಂ ಎಂದಳು. ಸುಳ್ಳು ಹೇಳಿದಳೆಂದು ನೋಡುವವರಿಗೆಲ್ಲ ಗೊತ್ತು. ದೋಣಿಯವಳು ಕೆಸರಿನ ಆ ಕೈಯನ್ನು ಹಿಡಿದುಕೊಂಡು ಹಾಗೇ ಹೋದಳು.

ಇದು ಪುಸ್ತಕದಲ್ಲಿಲ್ಲ. ಆ ಲೇಖಕಿಯನ್ನು ಹೇಗೆ ಒಪ್ಪಿಸಿದೆಯೋ. ನನ್ನ ಕಾಗದ ತೋರಿಸಿದೆಯಾ? ತೋರಿಸಿದ್ದರೂ ಸರಿ. ತಿಂದ್ಯಾ ಎಂದು ಕೇಳುವ ಆ ಮಾತು ನಾನು ಬರೆದು ತಿಳಿಸಿದ್ದಲ್ಲ. ಆದರೆ ನಿನ್ನನ್ನು ಕಂಡಿದ್ದರೆ ಅಮ್ಮ ಅದನ್ನೇ ಕೇಳುತ್ತಿದ್ದಳು.

ಮಾಲೀಕರ ಹೆಂಡತಿ ಬಿಕ್ಕಿದರು. ನನಗೆ ದನಿಯಿಲ್ಲವಲ್ಲ, ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ. ಕತ್ತಿನ ತೂತಿನಿಂದ ಬರೀ ಗಾಳಿ. ಅತ್ತೆ ಎದ್ದು ನೀರು ತಂದಳು.

ಇದನ್ನು ನೋಡಿ ಮನಸ್ಸು ಹಗುರವಾಯಿತು ಎಂದು ಬರೆದರೆ ನಿನಗೆ ಸಂತೋಷವಾಗುತ್ತಿತ್ತು. ಹಾಗಾಗಲಿಲ್ಲ. ಆ ಹುಡುಗಿ ಒಳಗೆ ಹೋಗಿ ಕೂತು, ಎಲ್ಲ ಮುಗಿಯುವವರೆಗೆ ನಾಲ್ಕು ನಿಮಿಷ. ಗೋಡೆಯ ಗಡಿಯಾರ ನೋಡಿದೆ. ಮಗುವಿಗೆ ಏನೂ ಆಗಲಿಲ್ಲ. ಅತ್ತಳು, ಮುಖ ಒರೆಸಿಕೊಂಡಳು, ಹುಟ್ಟು ಹಿಡಿದಳು. ಎಷ್ಟು ಸಣ್ಣ ಕೆಲಸ. ಬಾಗಿಲು ತೆಗೆದು ಒಳಗೆ ಬಿಡುವುದು, ಅಷ್ಟೇ ಇತ್ತು.

ಅಪ್ಪ